ನಾಲ್ಕಕ್ಕೇ ಇಳಿದ ಪೆನ್ನು

ಸಭಾ ಕೊಠಡಿ
ಗುರುವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಕಲ್ಲುಮೇಷ್ಟ್ರಿಗೆ,

'ನೀನು ಬೇಡ ಅನ್ಲಿಲ್ವಲ್ಲ' ಎಂದೆಯೋ, 'ನೀನು ಏನೂ ಅನ್ಲಿಲ್ವಲ್ಲ' ಎಂದೆಯೋ, ಅದೇ ನೆನಪಾಗುತ್ತಿಲ್ಲ. ಎರಡು ವರ್ಷದ ಹಿಂದೆ, ನೀನು ಕೊನೆಯ ಸಲ ಬಂದು ಹಿಂದಿರುಗುವಾಗ, ರೈಲು ನಿಲ್ದಾಣದಲ್ಲಿ, ನಿನ್ನ ಬೋಗಿ ಎಲ್ಲಿ ನಿಲ್ಲುತ್ತದೆಂದು ತಲೆಯೆತ್ತಿ ಫಲಕ ನೋಡುತ್ತಿದ್ದಾಗ ನನ್ನ ಕಡೆ ತಿರುಗದೆಯೇ ಹೇಳಿದ ಮಾತು. ನೀನು ಈ ಊರು ಬಿಟ್ಟ ವಿಷಯವಾಗಿ ನಾವು ಆಡಿದ ಮಾತು ಅದೊಂದೇ. ಎರಡರಲ್ಲಿ ಯಾವುದಾದರೇನು ಎಂದು ಬೇರೆ ಯಾರಾದರೂ ಕೇಳಿಯಾರು. ಇಪ್ಪತ್ತೆರಡು ವರ್ಷ ಸಭೆಗಳ ನಡಾವಳಿ ಬರೆದವಳು ಕೇಳಲಾರಳು. ಬೇಡ ಅನ್ನಲಿಲ್ಲ ಎಂದರೆ ಒಪ್ಪಿಗೆ ಎಂದು ಬರೆಯಬಹುದು. ಏನೂ ಅನ್ನಲಿಲ್ಲ ಎಂದರೆ ಆ ಸಾಲನ್ನು ಖಾಲಿ ಬಿಡಬೇಕು. ನಾನು ಇಷ್ಟು ವರ್ಷಗಳಲ್ಲಿ ಒಂದು ಸಾಲನ್ನೂ ಖಾಲಿ ಬಿಟ್ಟವಳಲ್ಲ.

ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಕಚೇರಿಯ ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ಒಂದಲ್ಲ ಒಂದು ಕಡತಕ್ಕೆ ಸೇರಿಬಿಡುತ್ತದೆ, ಇದು ಸೇರುವಂಥದ್ದಲ್ಲ. ಮೊದಲ ಹಾಳೆಯನ್ನು 'ನೀವು' ಎಂದು ಶುರುಮಾಡಿ ಹರಿದೆ. ನಾಲ್ಕು ಜನರ ಮುಂದೆ ನೀವು, ಮನೆಯೊಳಗೆ ನೀನು ಎಂಬುದು ನಮ್ಮ ಪದ್ಧತಿಯಾಗಿತ್ತು. ಈಗ ನಾಲ್ಕು ಜನರೂ ಇಲ್ಲ, ಮನೆಯೊಳಗೂ ಯಾರೂ ಇಲ್ಲ. ಹಳೆಯ ಅಭ್ಯಾಸಕ್ಕೇ ಹೋದೆ. ಸರಿಕಾಣದಿದ್ದರೆ ಓದುವಾಗ ತಿದ್ದಿಕೊ.

ಈ ಎರಡು ವರ್ಷದಲ್ಲಿ ನಿನ್ನಿಂದ ಬಂದದ್ದು ಒಂದೇ ಕಾಗದ. ಅದೂ ನನಗೆ ಬಂದದ್ದಲ್ಲ, ನಮ್ಮ ಕುಲಪತಿಗಳಿಗೆ ಬಂದದ್ದು. ಪುಟದ ಕೊನೆಯಲ್ಲಿ, ಎಡಗಡೆ, ಸಣ್ಣ ಅಕ್ಷರದಲ್ಲಿ, 'ಪ್ರತಿ: ಕಾರ್ಯದರ್ಶಿ, ಆಡಳಿತ ಮಂಡಳಿ, ಮಾಹಿತಿಗಾಗಿ' ಎಂದಿತ್ತು. ಆ ಕಾರ್ಯದರ್ಶಿ ನಾನು. ನಿನ್ನ ಸಹಿಯ ಕೊನೆಯ ಗೆರೆ ಈಗಲೂ ಕೆಳಗೆ ಜಾರುತ್ತದೆ ಎಂಬುದೊಂದೇ ನನಗೆ ಸಿಕ್ಕ ಮಾಹಿತಿ.

ಆ ಕಾಗದದ ಜೊತೆಗೆ ನಲವತ್ತೊಂದು ಪುಟದ ವರದಿಯಿತ್ತು. ನಮ್ಮ ಸಣ್ಣ ವಿಶ್ವವಿದ್ಯಾಲಯವನ್ನು, ರೈಲಿನಲ್ಲಿ ಮೂರು ಗಂಟೆ ದೂರವಿರುವ ನಿಮ್ಮ ದೊಡ್ಡ ವಿಶ್ವವಿದ್ಯಾಲಯದೊಳಗೆ ವಿಲೀನ ಮಾಡಬೇಕೇ ಬೇಡವೇ ಎಂದು ನೋಡಲು ಐದು ಜನರನ್ನು ನೇಮಿಸಿದ್ದರು. ನೀನು ಅವರಲ್ಲೊಬ್ಬ. ಮಾಡಬೇಕು ಎಂಬುದೇ ನಿಮ್ಮ ಉತ್ತರ. ನಾನು ಅದನ್ನು ಮೂರು ಸಲ ಓದಿದೆ. ಎರಡು ಸಲ ಕಾರ್ಯದರ್ಶಿಯಾಗಿ. ಮೂರನೆಯ ಸಲ ಯಾವ ವಾಕ್ಯ ನಿನ್ನದು ಎಂದು ಹುಡುಕಿಕೊಂಡು. ನಿನ್ನ ಭೂವಿಜ್ಞಾನದ 'ಸ್ತರ' ಎಂಬ ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ನೀನಿದ್ದೀಯ. ಹದಿನೇಳು ಕಡೆ.

ವರದಿಯಲ್ಲಿ ಇರುವುದರಲ್ಲಿ ಸುಳ್ಳಿಲ್ಲ, ಅದನ್ನು ಒಪ್ಪುತ್ತೇನೆ. ಮೂರನೇ ಮಹಡಿಗೆ ಬೀಗ ಹಾಕಿ ಮೂರು ವರ್ಷವಾಯಿತು. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿ ಇಬ್ಬರೇ ವಿದ್ಯಾರ್ಥಿಗಳು, ಆ ಇಬ್ಬರಿಗೂ ಪರಸ್ಪರ ಮಾತಿಲ್ಲ. ಒಬ್ಬ ಮೊದಲ ಬೆಂಚು, ಒಬ್ಬ ಕೊನೆಯ ಬೆಂಚು. ಮೇಷ್ಟ್ರು ಯಾರ ಮುಖ ನೋಡಿ ಪಾಠ ಮಾಡಬೇಕೆಂದು ತಿಳಿಯದೆ ಕಿಟಕಿ ನೋಡುತ್ತಾರೆ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗ್ಯಾಸಿಲ್ಲ. 'ಈಗ ಜ್ವಾಲೆ ಹಸಿರಾಯ್ತು ಅಂತ ತಿಳ್ಕೊಳ್ಳಿ' ಎಂದು ಹೇಳುತ್ತಾರೆ. ಮಕ್ಕಳು ತಿಳಿದುಕೊಂಡು ಬರೆದುಕೊಳ್ಳುತ್ತಾರೆ. ನಿವೃತ್ತರಾದವರ ಜಾಗಕ್ಕೆ ಯಾರೂ ಬಂದಿಲ್ಲ, ಅವರ ಬಾಗಿಲ ಮೇಲಿನ ಹೆಸರಿನ ಫಲಕ ತೆಗೆಯುವುದಕ್ಕೂ ಯಾರೂ ಬಂದಿಲ್ಲ. ನಿನ್ನದೂ ಇದೆ. ಒಂದು ಮೊಳೆ ಉದುರಿ ಓರೆಯಾಗಿ ತೂಗುತ್ತಿದೆ.

ದಶಮಾಂಶರು ನಿನಗೆ ನೆನಪಿರಬೇಕು. ಅದೇ, ಗಣಿತದವರು, ಯಾವುದನ್ನೂ 'ಸುಮಾರು' ಎನ್ನದೆ ಬಿಂದುವಿನ ಆಚೆಗೂ ಎರಡು ಅಂಕಿ ಹೇಳುವವರು. ಸಭೆಗೆ ಎರಡು ದಿನ ಮುಂಚೆ ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದರು: 'ಸೇರಿಬಿಡೋಣ ಅನ್ನೋನೇ ನಾನು, ಮೇಡಂ. ಆರು ವರ್ಷದಿಂದ ಗಣಿತಕ್ಕೆ ನಾನೊಬ್ನೇ. ಬೋರ್ಡ್ ಮೇಲೆ ತಪ್ಪು ಬರೆದ್ರೂ ಹೇಳೋರಿಲ್ಲ. ಹೋದ ವಾರ ಬೇಕಂತಲೇ ಒಂದು ತಪ್ಪು ಬರೆದೆ. ಯಾರಾದ್ರೂ ಕೈ ಎತ್ತಾರಾ ಅಂತ. ಎಲ್ರೂ ಅದನ್ನೂ ಬರ್ಕೊಂಡ್ರು. ಮನುಷ್ಯನಿಗೆ ತನ್ನ ತಪ್ಪು ತೋರಿಸೋಕಾದ್ರೂ ಇನ್ನೊಬ್ರು ಬೇಡ್ವಾ?'

ಬೇಕು ಎಂದೆ. ನಿಮ್ಮ ನಲವತ್ತೊಂದು ಪುಟಗಳು ಮಾಡದ ಕೆಲಸವನ್ನು ಆ ಮಾತು ಮಾಡಿತು.

ಕ್ಯಾಂಟೀನಿನವನು ಮಾತ್ರ ಚಹಾ ಕೊಡುತ್ತಾ, 'ಅಮ್ಮಾ, ನಾವು ಹೋಗಿ ಅವರಲ್ಲಿ ಸೇರ್ತೀವಾ, ಅವರು ಬಂದು ನಮ್ಮಲ್ಲಿ ಸೇರ್ತಾರಾ?' ಎಂದು ಕೇಳಿದ. ನಾವೇ ಹೋಗುವುದು ಎಂದೆ. 'ಹಾಗಾದ್ರೆ ಅದಕ್ಕೆ ಸೇರೋದು ಅಂತ ಯಾಕೆ ಅಂತಾರೆ? ಹೋಗೋದು ಅಂತ ಬರೀರಿ' ಎಂದ. ನಡಾವಳಿ ಬರೆಯುವ ಕೆಲಸ ನನಗಿಂತ ಅವನಿಗೆ ಚೆನ್ನಾಗಿ ಒಗ್ಗುತ್ತಿತ್ತೇನೋ.

ನಮ್ಮ ಮಂಡಳಿ ಹೇಗೆ ನಡೆಯುತ್ತದೆಂದು ನಿನಗೆ ಗೊತ್ತಿರಲಾರದು. ನೀನು ಅಲ್ಲಿ ಕೂತವನಲ್ಲ, ಕೇಳಿದವನೂ ಅಲ್ಲ. ಇಲ್ಲಿ ಕೈ ಎತ್ತಿಸುವುದಿಲ್ಲ, ಚೀಟಿ ಹಾಕಿಸುವುದಿಲ್ಲ. ಹಂಗಾಮಿಯವರು ವಿಷಯ ಓದುತ್ತಾರೆ. ನಮ್ಮ ಕುಲಪತಿ ನಾಲ್ಕು ವರ್ಷದಿಂದ ಹಂಗಾಮಿಯಾಗಿಯೇ ಇದ್ದಾರೆ, ಹಾಗಾಗಿ ಅದೇ ಅವರ ಹೆಸರಾಗಿಬಿಟ್ಟಿದೆ, ಅವರ ಎದುರಿಗೆ ಬಿಟ್ಟು ಉಳಿದ ಕಡೆ ಎಲ್ಲರೂ ಹಾಗೆಯೇ ಕರೆಯುವುದು. ಓದಿ ಮುಗಿಸಿ, 'ಏನಾದ್ರೂ ಆಕ್ಷೇಪಣೆ?' ಎನ್ನುತ್ತಾರೆ. ಆಮೇಲೆ ಎಲ್ಲರೂ ಸುಮ್ಮನಿರುತ್ತಾರೆ. ನಾನು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ, ಪೆನ್ನನ್ನು ಹಾಳೆಗಿಳಿಸಿ, 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಬರೆಯುತ್ತೇನೆ.

ಹತ್ತು ಎಂಬುದು ಯಾವ ನಿಯಮಾವಳಿಯಲ್ಲೂ ಇಲ್ಲ. ನನಗಿಂತ ಹಿಂದೆ ಈ ಕುರ್ಚಿಯಲ್ಲಿದ್ದ ಮುದುಕರು ಕಲಿಸಿದ್ದು. 'ಐದಕ್ಕೆ ಹೆದರಿಕೆ ಇಳಿಯತ್ತೆ ಕಣಮ್ಮ, ಏಳಕ್ಕೆ ಮಾತು ಗಂಟಲಿಗೆ ಬರತ್ತೆ. ಹತ್ತಕ್ಕೂ ಬರಲಿಲ್ಲ ಅಂದ್ರೆ ಒಳಗೆ ಏನೂ ಇಲ್ಲ ಅಂತ ಲೆಕ್ಕ' ಎಂದಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಹತ್ತಕ್ಕೆ ಮುಂಚೆ ನಾನು ಪೆನ್ನು ಇಳಿಸಿದವಳಲ್ಲ. ಕಾಲಕ್ರಮದಲ್ಲಿ ಇನ್ನೊಂದು ಅಭ್ಯಾಸವೂ ಬೆಳೆಯಿತು. ಸದಸ್ಯರು ನನ್ನ ಪೆನ್ನನ್ನು ನೋಡತೊಡಗಿದರು. ಪೆನ್ನು ಹಾಳೆ ಮುಟ್ಟಿತೆಂದರೆ ವಿಷಯ ಮುಗಿಯಿತು. ಕುರ್ಚಿಗಳು ಕಿರುಗುಟ್ಟುತ್ತವೆ, ಕನ್ನಡಕಗಳು ಡಬ್ಬಿಗೆ ಹೋಗುತ್ತವೆ, ಹಂಗಾಮಿಯವರು ಮುಂದಿನ ಪುಟ ತಿರುಗಿಸುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ನನಗೆ ಮತವಿಲ್ಲ, ಪೆನ್ನಿದೆ.

ಸೋಮವಾರ ವಿಲೀನದ ವಿಷಯ ಬಂತು. ಹನ್ನೊಂದು ಜನ. ಎರಡು ಬೇರೆ ಬೇರೆ ಮೇಜುಗಳನ್ನು ಜೋಡಿಸಿ ಮಾಡಿದ್ದು ನಮ್ಮ ಉದ್ದದ ಮೇಜು, ಒಂದು ಅರ್ಧ ಬೆರಳು ತಗ್ಗು, ನಡುವಿನ ಸಂದಿಗೆ ದಶಮಾಂಶರ ಪೆನ್ಸಿಲ್ ಪ್ರತಿ ಸಭೆಯಲ್ಲೂ ಬೀಳುತ್ತದೆ. ಅಂದೂ ಬಿತ್ತು. ಸರ್ಕಾರದ ಕಾಗದವನ್ನು ಹಂಗಾಮಿಯವರು ಓದಿದರು. ಎರಡೂ ಕಡೆಯ ಮಂಡಳಿ ಸರ್ವಾನುಮತದಿಂದ ಒಪ್ಪಿದರೆ ಬರುವ ವರ್ಷವೇ ವಿಲೀನ. ಒಂದೇ ಒಂದು ಆಕ್ಷೇಪಣೆ ದಾಖಲಾದರೂ ವಿಷಯ ಮರುಪರಿಶೀಲನೆಗೆ ಹೋಗುತ್ತದೆ, ವಿದ್ಯಾರ್ಥಿಗಳ ತಲೆ ಎಣಿಕೆ ಮತ್ತೆ ಮೊದಲಿನಿಂದ. ನಡಾವಳಿ ಶುಕ್ರವಾರ ಸಂಜೆಯೊಳಗೆ ತಲುಪಬೇಕು.

'ಏನಾದ್ರೂ ಆಕ್ಷೇಪಣೆ?'

ನನ್ನ ಎದುರಿಗೆ ಲೈಬ್ರರಿ ಮೇಡಂ ಕೂತಿದ್ದರು. ಅವರಿಗೆ ನಿವೃತ್ತಿಗೆ ಇನ್ನೆರಡು ವರ್ಷ. ಮಂಡಳಿಗೆ ಬಂದು ಐದು ವರ್ಷವಾದರೂ ಬಾಯಿ ತೆರೆದವರಲ್ಲ. ಮಡಿಲಲ್ಲಿ ಒಂದು ಹಳೆಯ ರಿಜಿಸ್ಟರು. ನೀರು ಕುಡಿಯುತ್ತಿದ್ದರು. ಒಂದು. ಎರಡು. ಲೋಟ ಕೆಳಗಿಟ್ಟರು. ಮೂರು. ಬೆನ್ನು ನೆಟ್ಟಗೆ ಮಾಡಿ, ರಿಜಿಸ್ಟರನ್ನು ಮೇಜಿನ ಮೇಲಿಟ್ಟು, ಉಸಿರೆಳೆದುಕೊಂಡರು. ನಾಲ್ಕು.

ಪೆನ್ನು ಇಳಿಯಿತು.

ಕುರ್ಚಿಗಳು ಕಿರುಗುಟ್ಟಿದವು. ಅವರು ಪೆನ್ನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎಳೆದುಕೊಂಡ ಉಸಿರನ್ನು ನಿಧಾನವಾಗಿ ಬಿಟ್ಟು, ರಿಜಿಸ್ಟರನ್ನು ಮತ್ತೆ ಮಡಿಲಿಗೆ ತೆಗೆದುಕೊಂಡರು. ನನ್ನ ಅಕ್ಷರ ಒಂದೂ ಅಲುಗಲಿಲ್ಲ. ಕೈ ತಾನಾಗಿ ಇಳಿಯಿತು. ಅಂದು ವಿಪರೀತ ಸೆಖೆ, ಫ್ಯಾನು ಕೆಟ್ಟಿತ್ತು, ಇಪ್ಪತ್ತೆರಡು ವರ್ಷದ ಅಭ್ಯಾಸದಲ್ಲಿ ಒಂದು ಸಲ ಹೀಗಾಗುವುದುಂಟು.

ಮಂಗಳವಾರ ಸಂಜೆ ಗ್ರಂಥಾಲಯಕ್ಕೆ ಹೋದೆ. ಕೆಲಸದ ಮೇಲಲ್ಲದೆ ಅಲ್ಲಿಗೆ ಹೋಗಿ ಎಷ್ಟು ಕಾಲವಾಗಿತ್ತೋ. ಐದೂವರೆಗೆ ನಮ್ಮ ಕಚೇರಿಯ ದೀಪ ಆರಿಸಿ ನಾನು ಮನೆಗೆ ಹೋಗುತ್ತೇನೆ, ಆಮೇಲೆ ಈ ಕಟ್ಟಡಕ್ಕೆ ಏನಾಗುತ್ತದೆಂದು ನೋಡಿದವಳಲ್ಲ. ಓದುವ ಕೋಣೆಯಲ್ಲಿ ದೀಪವಿತ್ತು. ಉದ್ದನೆಯ ಮೇಜುಗಳ ಸುತ್ತ ಮೂವತ್ತು ನಲವತ್ತು ಜನ. ಆಸ್ಪತ್ರೆಯ ಸಮವಸ್ತ್ರದಲ್ಲಿದ್ದ ಇಬ್ಬರು ನರ್ಸುಗಳು, ಬಸ್ಸಿನ ಕಂಡಕ್ಟರ್ ಒಬ್ಬ ಚೀಲ ಕಾಲ ಹತ್ತಿರ ಇಟ್ಟುಕೊಂಡು, ಬೇಕರಿಯ ಹೆಂಗಸು, ಆಕೆಯ ಮೊಣಕೈಯಲ್ಲಿ ಇನ್ನೂ ಹಿಟ್ಟು. ಕಪ್ಪುಹಲಗೆಯನ್ನು ಪುಸ್ತಕದ ಕಪಾಟಿಗೆ ಒರಗಿಸಿ ದಶಮಾಂಶರು ಪಾಠ ಮಾಡುತ್ತಿದ್ದರು. ನನ್ನನ್ನು ಕಂಡು ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನಕ್ಕರು.

ಲೈಬ್ರರಿ ಮೇಡಂ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಕ್ಕೆ ಅಂಟು ಹಚ್ಚುತ್ತಿದ್ದರು. ನಿನ್ನೆ ನೀವು ಏನೋ ಹೇಳುವವರಿದ್ದಿರಿ ಎಂದೆ.

'ಪೆನ್ನು ಹೊರಟುಬಿಟ್ಟಿತ್ತಲ್ಲ, ಮೇಡಂ. ಹೊರಟ ಬಸ್ಸಿಗೆ ಕೈ ಬೀಸೋ ವಯಸ್ಸಾ ನಂದು?'

ಒಂದು ಮಾತು ಅಂದಿದ್ದರೆ ನಿಲ್ಲಿಸುತ್ತಿದ್ದೆ ಎಂದೆ.

'ನಿಲ್ಲಿಸೋರು ಅಷ್ಟು ಜೋರಾಗಿ ಹೊರಡಲ್ಲ' ಎಂದರು. ಕುಂಚವನ್ನು ಅಂಟಿನ ಡಬ್ಬಿಯೊಳಗಿಟ್ಟು, ಕೈ ಒರೆಸಿಕೊಂಡು, ಆ ರಿಜಿಸ್ಟರನ್ನು ನನ್ನ ಮುಂದಿಟ್ಟರು.

ಸಂಜೆ ತರಗತಿಯವರ ಹಾಜರಿ ಅದು. ಮೂರನೇ ಮಹಡಿಗೆ ಬೀಗ ಬಿದ್ದ ಮೇಲೆ ಸಂಜೆಯ ಪಾಠಗಳೆಲ್ಲ ಓದುವ ಕೋಣೆಗೇ ಬಂದಿವೆ, ಹಾಜರಿಯೂ ಅಲ್ಲೇ, ಬೇರೆ ಯಾವ ಕಚೇರಿಯಲ್ಲೂ ಅದರ ಪ್ರತಿಯಿಲ್ಲ. ನಿಮ್ಮ ವರದಿಯ ಆರನೇ ಪುಟದಲ್ಲಿ ನಮ್ಮ ವಿದ್ಯಾರ್ಥಿಗಳು ನಾನೂರ ಹನ್ನೆರಡು. ಅದು ಹಗಲಿನವರ ಲೆಕ್ಕ. ಈ ರಿಜಿಸ್ಟರಿನಲ್ಲಿ ಇನ್ನೂ ಇನ್ನೂರ ಅರವತ್ತಮೂರು ಜನ ಇದ್ದಾರೆ. ಹಗಲೆಲ್ಲ ದುಡಿದು ಸಂಜೆ ಓದುವವರು. 'ಇವರು ಮೂರು ಗಂಟೆ ರೈಲಲ್ಲಿ ಕೂತು ಅಲ್ಲಿಗೆ ಹೋಗ್ತಾರಾ? ಬಾಗಿಲು ಹಾಕಿದ ದಿನ ಓದು ಬಿಡ್ತಾರೆ, ಅಷ್ಟೇ. ಬಿಟ್ರು ಅಂತ ಕೂಡ ಯಾರೂ ಬರೆಯಲ್ಲ. ಇದ್ರು ಅಂತಾನೇ ಬರೆದಿಲ್ವಲ್ಲ' ಎಂದರು. ಆಮೇಲೆ, 'ಮೊದಲ ಪುಟ ನೋಡಿ' ಎಂದರು.

ಮೊದಲ ಪುಟ ನಿನ್ನ ಕೈಬರಹ.

ಹತ್ತೊಂಬತ್ತು ಹೆಸರು, ಹದಿಮೂರು ವರ್ಷದ ಹಿಂದಿನ ತಾರೀಕು. ಸಂಜೆ ತರಗತಿ ಶುರುಮಾಡಿದವನು ನೀನೇ ಎಂಬುದನ್ನು ನಾನು ಹೇಗೆ ಮರೆತೆನೋ ಕಾಣೆ. ಕಲ್ಲಿನ ಕ್ವಾರಿಯಿಂದ ನಾಲ್ಕು ಜನ ಬರುತ್ತಿದ್ದರು ನಿನ್ನ ಪಾಠಕ್ಕೆ. ಅವರಲ್ಲೊಬ್ಬನಿಗೆ ಅವನು ಒಡೆಯುವ ಕಲ್ಲಿನ ವಯಸ್ಸು ಹೇಳಿದಾಗ, 'ಅಷ್ಟು ದೊಡ್ಡೋರನ್ನ ನಾನು ದಿನಾ ಹೊಡೀತೀನಾ ಸಾರ್?' ಎಂದನಂತೆ. ನೀನು ಮನೆಗೆ ಬಂದು ಅದನ್ನು ಹೇಳಿ ನಕ್ಕಿದ್ದೆ. ಚಪ್ಪಲಿ ಬಿಡುವುದಕ್ಕೂ ಮರೆತು, ಅಡುಗೆಮನೆಯ ಬಾಗಿಲಲ್ಲಿ ನಿಂತು. ನಿನ್ನ ನಗುವನ್ನು ನಾನು ಕೇಳಿದ್ದರಲ್ಲಿ ಉದ್ದವಾದದ್ದು ಅದು.

'ಇದನ್ನ ಶುರು ಮಾಡಿದೋರೇ ಆ ವರದಿಗೆ ಸಹಿ ಹಾಕಿದಾರೆ. ಮರೆತ್ರಾ, ಬಿಟ್ರಾ, ಅದನ್ನ ನೀವೇ ಕೇಳ್ಬೇಕು ಮೇಡಂ. ನಾನು ಕೇಳೋಕಾಗತ್ತಾ?' ಎಂದರು. ಅದರಲ್ಲಿ ಕೊಂಕಿರಲಿಲ್ಲ. ನಾನು ಕೇಳಬಲ್ಲೆ ಎಂದು ಅವರು ನಿಜವಾಗಿ ನಂಬಿದ್ದಾರೆ. ನಮ್ಮ ಮಧ್ಯೆ ಮಾತು ನಿಂತು ಎಷ್ಟು ಕಾಲವಾಯಿತೆಂದು ಈ ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ. 'ಮೇಷ್ಟ್ರು ಹೇಗಿದ್ದಾರೆ?' ಎಂದು ಕೇಳುತ್ತಾರೆ, ಚೆನ್ನಾಗಿದ್ದಾರೆ ಎನ್ನುತ್ತೇನೆ. ಅದೂ ಒಂದು ನಡಾವಳಿ.

ಹಾಗಾಗಿ ಕೇಳುತ್ತಿದ್ದೇನೆ. ಮರೆತೆಯಾ, ಬಿಟ್ಟೆಯಾ?

ನೀನು ಮರೆಯುವವನಲ್ಲ. ಒಂದು ಕಲ್ಲನ್ನು ಯಾವ ಹಳ್ಳದ ಯಾವ ತಿರುವಿನಲ್ಲಿ ಎತ್ತಿಕೊಂಡೆ ಎಂದು ಇಪ್ಪತ್ತು ವರ್ಷದ ಮೇಲೆ ಹೇಳುವವನು. ಬಿಟ್ಟಿದ್ದರೆ ಯಾಕೆ ಬಿಟ್ಟೆ? ಉಳಿದ ನಾಲ್ವರು ಬೇಡವೆಂದಿರಬಹುದು. ಹಗಲಿನ ಕಾಲಮ್ಮಿನಲ್ಲಿ ಅವರಿಗೆ ಜಾಗವಿಲ್ಲದೆ ಇದ್ದಿರಬಹುದು. ಅಥವಾ.

ಈ ಅಥವಾ ಬರೆಯುವುದಕ್ಕೆ ಮುಂಚೆ ನನ್ನದೊಂದು ತಿದ್ದುಪಡಿಯಿದೆ. ಮೇಲೆ 'ಕೈ ತಾನಾಗಿ ಇಳಿಯಿತು' ಎಂದು ಬರೆದೆ. ಅದನ್ನು ಹೊಡೆದುಹಾಕುವುದಿಲ್ಲ. ನಡಾವಳಿಯಲ್ಲಿ ತಪ್ಪನ್ನು ಅಳಿಸಬಾರದು, ಅದು ಕಾಣುವಂತೆ ಬಿಟ್ಟು ಕೆಳಗೆ ತಿದ್ದುಪಡಿ ಬರೆಯಬೇಕು. ತಿದ್ದುಪಡಿ: ಇಳಿಯಲಿಲ್ಲ, ಇಳಿಸಿದೆ. ಸೆಖೆ ಇತ್ತು, ನಿಜ. ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ಅವರು ಲೋಟ ಇಟ್ಟದ್ದನ್ನು ಕಂಡೆ, ಉಸಿರೆಳೆದುಕೊಂಡದ್ದನ್ನು ಕಂಡೆ, ಏನು ಹೇಳುತ್ತಾರೆಂದು ಗೊತ್ತಿರದಿದ್ದರೂ ಯಾವ ಕಡೆಯ ಮಾತೆಂದು ಗೊತ್ತಾಯಿತು, ಇಳಿಸಿದೆ.

ಯಾಕೆಂದರೆ ವರದಿಗೆ ಅನುಬಂಧ ಮೂರು ಎಂದು ಒಂದು ನಕ್ಷೆಯಿದೆ. ವಿಲೀನದ ಮೇಲೆ ಯಾವ ಕಚೇರಿ ಎಲ್ಲಿಗೆ ಹೋಗುತ್ತದೆ ಎಂಬುದರದ್ದು. ಮಂಡಳಿಯ ಕಾರ್ಯದರ್ಶಿಯ ಕೊಠಡಿಯನ್ನು ನಿಮ್ಮ ಮುಖ್ಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ತೋರಿಸಿದ್ದೀರಿ. ಅದೇ ಮಹಡಿಯ ಇನ್ನೊಂದು ತುದಿಗೆ ನಿನ್ನ ವಿಭಾಗ. ನಡುವೆ ಒಂದು ಉದ್ದನೆಯ ಓಣಿ, ಅದರ ಮಧ್ಯದಲ್ಲಿ ಕುಡಿಯುವ ನೀರಿನ ನಲ್ಲಿ. ನಾನು ಆ ಓಣಿಯ ಮೇಲೆ ಬೆರಳಿಟ್ಟು ನಡೆದೆ. ಒಂದು ಸಲವಲ್ಲ. ನೀನು ತಪ್ಪು ತಿಳಿಯಬೇಡ, ಒಂದೇ ಮನೆ, ಒಂದೇ ಮೇಜು ಎಂದೆಲ್ಲ ನಾನು ಯೋಚಿಸಲಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶೀಶೆ ತುಂಬಿಸಿಕೊಳ್ಳಲು ಹೋದಾಗ ಆ ತುದಿಯಿಂದ ಒಂದು ಕೆಮ್ಮು ಕೇಳಿಸಿ, ಇದು ಇಂಥವರದು ಎಂದು ಗೊತ್ತಾದರೆ ಸಾಕು ಎನ್ನಿಸಿತು. ಅಷ್ಟಕ್ಕಾಗಿ ಇನ್ನೂರ ಅರವತ್ತಮೂರು ಜನರ ಮೇಲೆ ಪೆನ್ನು ಇಳಿಸಿದೆ. ಅವರಿದ್ದಾರೆಂದು ಆಗ ಗೊತ್ತಿರಲಿಲ್ಲ ಎಂಬುದು ನಿಜ. ತಿಳಿಯುವುದಕ್ಕೆ ಆರು ಎಣಿಕೆ ಬಾಕಿಯಿತ್ತು ಎಂಬುದೂ ನಿಜ.

ಈಗ ಆ ಅಥವಾ. ಅನುಬಂಧ ಮೂರನ್ನು ಬರೆದವನು ನೀನು. ಕೊಠಡಿಗಳನ್ನು ಬೇರೆ ಬೇರೆಯಾಗಿ ತೋರಿಸಲು ಕಲ್ಲಿನ ಪದರಗಳಿಗೆ ಎಳೆಯುವಂಥ ಓರೆಗೆರೆ, ಚುಕ್ಕಿ, ಇಟ್ಟಿಗೆಗೆರೆ ಎಳೆಯುವವರು ಆ ಐವರಲ್ಲಿ ಬೇರೆ ಯಾರಿದ್ದಾರೆ? ನನ್ನ ಕೊಠಡಿಗೂ ನಿನ್ನ ಕೊಠಡಿಗೂ ಒಂದೇ ಬಗೆಯ ಗೆರೆ ಹಾಕಿದ್ದೀಯ. ನಿನ್ನ ಶಾಸ್ತ್ರದಲ್ಲಿ ಅದಕ್ಕೆ ಅರ್ಥವಿದೆ, ಎರಡೂ ಒಂದೇ ಕಾಲದವು ಎಂದು. ಇದು ನೀನೇ ಕಲಿಸಿದ್ದು. ಅಥವಾ ಆ ಮಹಡಿಯಲ್ಲಿ ಒಂದು ಕೋಣೆ ಖಾಲಿಯಿತ್ತು, ನಿನ್ನ ಕೈಗೆ ಬಂದ ಗೆರೆ ಎಳೆದೆ. ನಾನೂ ಕಾಗದ ನೋಡಿಯೇ ಬದುಕಿದವಳು, ಖಾಲಿ ಜಾಗದಲ್ಲಿ ಅರ್ಥ ಹುಡುಕುವ ಚಟ ಅಂಟಿರಬಹುದು. ಆದರೂ ಎರಡು ದಿನದಿಂದ ಇದೊಂದೇ ಯೋಚನೆ. ನೀನು ಆ ಸಂಜೆಯವರನ್ನು ಬಿಟ್ಟದ್ದು, ನಾನು ಆರು ಎಣಿಕೆ ಬಿಟ್ಟದ್ದು, ಎರಡೂ ಒಂದೇ ಓಣಿಗಾಗಿಯೇ ಇದ್ದರೆ? ಹಾಗಿದ್ದರೆ ನಮ್ಮಿಬ್ಬರಷ್ಟು ಸಣ್ಣ ಜನ ಇಲ್ಲ. ಹಾಗಿಲ್ಲದಿದ್ದರೆ, ನಾನೊಬ್ಬಳೇ ಸಣ್ಣವಳು. ಯಾವುದು ವಾಸಿ ಎಂದು ಹೇಳಲಾರೆ. ಮೊದಲಿನದೇ ಆಗಲಿ ಎಂದು ಮನಸ್ಸು ಹೇಳುತ್ತಿದೆ, ನಾಚಿಕೆಯಿಲ್ಲದೆ.

ಮನೆ ಹಾಗೇ ಇದೆ. ಊಟದ ಮೇಜಿನ ಅರ್ಧದಲ್ಲಿ ನಿನ್ನ ಕಲ್ಲಿನ ಪೆಟ್ಟಿಗೆಗಳು. ಎರಡು ವರ್ಷಕ್ಕೆಂದು ಹೋದವನ ಸಾಮಾನು ಎಂದು ಸರಿಸಿರಲಿಲ್ಲ, ಹನ್ನೊಂದು ವರ್ಷವಾದ ಮೇಲೆ ಸರಿಸುವುದಕ್ಕೆ ಕಾರಣ ಬೇಕಲ್ಲ. ಭಾನುವಾರ ಧೂಳು ಒರೆಸುತ್ತೇನೆ. ಒಂದು ಕಲ್ಲಿನ ಹೆಸರಿನ ಚೀಟಿ ಉದುರಿಹೋಗಿದೆ. ಅದರ ಹೆಸರು ನನಗೆ ಗೊತ್ತಿಲ್ಲ, ಬಾಗಿಲು ಹಾಕಿಕೊಳ್ಳದಂತೆ ಅಡ್ಡ ಇಟ್ಟಿದ್ದೇನೆ.

ಹನ್ನೊಂದು ವರ್ಷದ ಹಿಂದೆ ನೀನು ಕೇಳಿದ್ದೂ ಭಾನುವಾರವೇ. ಬೆಳಿಗ್ಗೆ, ಕಿಟಕಿಯ ಹತ್ತಿರ ಬಿಸಿಲಿಗೆ ಕೂತು ನಾನು ನಿನ್ನ ನೀಲಿ ಶರಟಿಗೆ ಗುಂಡಿ ಹಾಕುತ್ತಿದ್ದೆ. ಕೊನೆಯ ಗಂಟು ಬಿದ್ದಿತ್ತು. ಕತ್ತರಿ ಇರಲಿಲ್ಲ, ಚೀಟಿ ಕತ್ತರಿಸಲು ನೀನು ತೆಗೆದುಕೊಂಡು ಹೋಗಿದ್ದೆ. ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ನೀನು ಬಾಗಿಲಲ್ಲಿ ನಿಂತು, 'ಅಲ್ಲಿಂದ ಕಾಗದ ಬಂದಿದೆ. ಎರಡು ವರ್ಷಕ್ಕೆ ಕರೀತಿದ್ದಾರೆ. ಹೋಗ್ಲಾ?' ಎಂದೆ. ಹಲ್ಲಿನ ಮಧ್ಯೆ ದಾರವಿದ್ದವಳು ಮಾತಾಡಬೇಕೆಂದರೆ ಮೊದಲು ಅದನ್ನು ಕಡಿಯಬೇಕು, ಸೂಜಿಯನ್ನು ಎಲ್ಲಿಯಾದರೂ ಚುಚ್ಚಿಡಬೇಕು, ತಲೆಯೆತ್ತಬೇಕು. ನಾನು ಅಷ್ಟನ್ನು ಮಾಡುತ್ತಿದ್ದೆ. ಅಷ್ಟರಲ್ಲಿ ನೀನು, 'ಸರಿ ಹಾಗಾದ್ರೆ' ಎಂದು ನನ್ನ ಕೈಯಿಂದ ಶರಟು ತೆಗೆದುಕೊಂಡೆ. ದಾರ ಕಡಿದಿರಲಿಲ್ಲ. ಸೂಜಿ ಶರಟಿನ ಜೊತೆಗೇ ಹೋಯಿತು, ನೀನು ನಡೆದಂತೆ ತೂಗಾಡುತ್ತ.

ಏನು ಹೇಳುವವಳಿದ್ದೆ ಎಂದು ಇಷ್ಟು ವರ್ಷ ನನಗೆ ಖಚಿತವಾಗಿ ಗೊತ್ತಿತ್ತು. ಬೇಡ ಎಂದು. ಲೈಬ್ರರಿ ಮೇಡಂ ಉಸಿರು ಬಿಟ್ಟದ್ದನ್ನು ಕಂಡ ಮೇಲೆ ಆ ಖಾತ್ರಿ ಹೋಗಿದೆ. ಆಡದೇ ಉಳಿದ ಮಾತನ್ನು ಆಮೇಲೆ ನಮಗೆ ಬೇಕಾದಂತೆ ಬರೆದುಕೊಳ್ಳುತ್ತೇವೆ. ಅವರ ಬಳಿಯಾದರೂ ರಿಜಿಸ್ಟರು ಇತ್ತು.

ನಡಾವಳಿಯ ಎರಡು ಕರಡು ಮೇಜಿನ ಖಾನೆಯಲ್ಲಿವೆ. ಒಂದರಲ್ಲಿ 'ಸರ್ವಾನುಮತದಿಂದ' ಎಂದಿದೆ. ಇನ್ನೊಂದರಲ್ಲಿ ಸೋಮವಾರ ನಡೆದದ್ದು ಇದೆ. ಮೊದಲಿನದು ಹೋದರೆ ದಶಮಾಂಶರಿಗೆ ತಪ್ಪು ತೋರಿಸುವವರು ಸಿಗುತ್ತಾರೆ, ನನಗೆ ಓಣಿ ಸಿಗುತ್ತದೆ, ಬೇಕರಿಯ ಹೆಂಗಸು ಕೈ ತೊಳೆದುಕೊಂಡು ಮನೆಗೆ ಹೋಗುತ್ತಾಳೆ. ಎರಡನೆಯದು ಹೋದರೆ ಮತ್ತೆ ಎಣಿಕೆ, ಮತ್ತೆ ಸಭೆ, ಬಹುಶಃ ಈ ಬೀಗ, ಈ ಸೋರುವ ತಾರಸಿ, ಈ ಓದುವ ಕೋಣೆ ಇನ್ನೂ ಕೆಲವು ವರ್ಷ. ನನಗೆ ಅಷ್ಟೂ ವರ್ಷ ಆ ಮೇಜಿನ ಅರ್ಧ. ಯಾವುದನ್ನು ಕಳಿಸಲಿ ಎಂದು ನಿನ್ನನ್ನು ಕೇಳಲೆಂದೇ ಈ ಪತ್ರ ಶುರುಮಾಡಿದೆ.

ನಿನ್ನ ಎದೆನೋವಿನ ಮಾತ್ರೆ ಬಿಡಬೇಡ. ಚಳಿ ಶುರುವಾಗುವ ಮುಂಚೆ ಕಿವಿಗೆ ಏನಾದರೂ ಸುತ್ತಿಕೊ.

ಇತಿ,
ಮಾಹಿತಿಗಾಗಿ ಪ್ರತಿ ಪಡೆದವಳು

ತಾ.ಕ. ಅಂಚೆ ನಿನಗೆ ತಲುಪಲು ಮೂರು ದಿನ ಬೇಕು, ನಡಾವಳಿಯ ಗಡುವು ನಾಳೆ. ನೀನು ಇದನ್ನು ಆಗಲೇ ಲೆಕ್ಕ ಹಾಕಿರುತ್ತೀಯ. ಎರಡನೇ ಕರಡನ್ನು ಇವತ್ತು ಬೆಳಿಗ್ಗೆ ಹನ್ನೊಂದಕ್ಕೇ ಹಂಗಾಮಿಯವರ ಕೈಗೆ ಕೊಟ್ಟೆ, ರಿಜಿಸ್ಟರಿನ ಪ್ರತಿಯ ಜೊತೆಗೆ. ಎರಡೂ ಖಾನೆಯಲ್ಲಿವೆ ಎಂದು ಮೇಲೆ ಬರೆದದ್ದಕ್ಕೂ ತಿದ್ದುಪಡಿ: ಅಲ್ಲಿ ಉಳಿದಿರುವುದು ಕಳಿಸದ ಕರಡೊಂದೇ. 'ಸದಸ್ಯರೊಬ್ಬರು ಮಾತಾಡಲು ಸಿದ್ಧರಾಗಿದ್ದಾಗ ಕಾರ್ಯದರ್ಶಿಯು ಅವರಿಗೆ ಸಮಯ ಕೊಡಲಿಲ್ಲ' ಎಂಬ ಸಾಲನ್ನು ಅವರು ಎರಡು ಸಲ ಓದಿದರು. 'ಮೇಡಂ, ನಿಮ್ಮ ಮೇಲೆ ನೀವೇ ಬರ್ಕೊಂಡಿದ್ದೀರಲ್ರೀ. ಇನ್ಮೇಲೆ ನಿಮ್ಮ ಪೆನ್ನನ್ನ ಯಾರು ನಂಬ್ತಾರೆ?' ಎಂದರು. ನಂಬುವುದು ಬೇಡ ಸಾರ್, ಮಾತಾಡಲಿ ಎಂದೆ. ಇಪ್ಪತ್ತೈದಕ್ಕೆ ಮತ್ತೆ ಸಭೆ. ತಲೆ ಎಣಿಕೆಗೆ ನಿಮ್ಮ ಕಡೆಯಿಂದ ಒಬ್ಬರು ಬರಬೇಕಂತೆ, ಸಂಜೆ ಆರರ ಮೇಲೆ ಬರುವಂಥವರು. ಬಂದರೆ ಬಾ, ಬಾರದಿದ್ದರೂ ನಡೆಯುತ್ತದೆ. ಮರೆತೆಯಾ ಬಿಟ್ಟೆಯಾ ಎಂಬುದಕ್ಕೂ ಉತ್ತರ ಬರೆಯಬೇಕಾಗಿಲ್ಲ. ನನಗೆ ತಿಳಿಯಬೇಕಾದದ್ದು ಒಂದೇ. ಆ ಭಾನುವಾರ ಬಾಗಿಲಲ್ಲಿ ನಿಂತು, 'ಹೋಗ್ಲಾ' ಎಂದು ಕೇಳಿದ ಮೇಲೆ, ನೀನು ಎಷ್ಟರವರೆಗೆ ಎಣಿಸಿದೆ?